ನನ್ನ ಮಗಳದು ಹೆಂಗೋ ಆಗುತ್ತೆ ಬಿಡಿ

ನಮ್ಮ ಹಾಸನದ ಕಡೆ ಒಬ್ಬರಿಗೆ ಕೆಲಸ ಸಿಕ್ಕಿತು ಅಂದರೆ ಜನ ಮೊದಲು ಕೇಳುವುದು ಏನು ಓದಿದ್ದೀರಿ ಅಂತಲ್ಲ, ‘ಯಾರ ಕೈಲಿ ಹೇಳ್ಸುದ್ರಿ?’ ಅಂತ. ಕೇಳುವವರಿಗೆ ಅದರಲ್ಲಿ ಕೊಂಕಿಲ್ಲ, ಉತ್ತರ ಕೊಡುವವರಿಗೆ ನಾಚಿಕೆಯಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಬೇಕಾದರೂ ಹೇಳಿಸಬೇಕು, ಮಗುವನ್ನು ಶಾಲೆಗೆ ಸೇರಿಸಬೇಕಾದರೂ ಹೇಳಿಸಬೇಕು, ವರ್ಗ ಆಗಬೇಕಾದರೂ ಹೇಳಿಸಬೇಕು, ಆಗಬಾರದು ಅಂದರೂ ಹೇಳಿಸಬೇಕು. ಹೇಳಿಸುವುದಕ್ಕೆ ದಾರಿಯಿಲ್ಲದವರನ್ನು ‘ಪಾಪ, ಅವರಿಗೆ ಯಾರೂ ಇಲ್ಲ’ ಅನ್ನುತ್ತಾರೆ. ಮನೆ ತುಂಬ ಅಣ್ಣತಮ್ಮಂದಿರಿದ್ದರೂ ಹಾಗೇ ಅನ್ನುತ್ತಾರೆ.

ನನಗಾಗಿ ಹೇಳುವುದಕ್ಕೆ ಅಪ್ಪ ಇದ್ದರು. ಅದರ ಕತೆ ಇದು. ಬರೆದರೆ ಎದೆ ಹಗುರಾಗುತ್ತದೆ ಅಂತ ಬರೆಯುತ್ತಿಲ್ಲ. ಬಾಯಿಬಿಟ್ಟು ಹೇಳಿಯೂ ನೋಡಿದ್ದಾಯಿತು, ಹಗುರಾಗಲಿಲ್ಲ.

ನಮ್ಮೂರು ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವೆ ಇದೆ. ಅಪ್ಪ ಊರಿಗೆ ದೊಡ್ಡ ಹಿಡುವಳಿದಾರರು. ಚನ್ನರಾಯಪಟ್ಟಣದಲ್ಲಿ ಒಂದು ವಿದ್ಯಾಸಂಸ್ಥೆ ಕಟ್ಟುವಾಗ ನಮ್ಮ ತೋಟದ ಮರ, ನಮ್ಮ ಗುಡ್ಡದ ಕಲ್ಲು ಗಾಡಿಗಟ್ಟಲೆ ಕೊಟ್ಟಿದ್ದರು. ಹಾಗಾಗಿ ಅಲ್ಲಿನ ಅಧ್ಯಕ್ಷರು ಅಪ್ಪ ಹೋದರೆ ಎದ್ದು ನಿಲ್ಲುತ್ತಿದ್ದರು. ಆ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅದರ ಅನ್ನ ಮೂವತ್ತಾರು ವರ್ಷ ಉಂಡಿದ್ದೇನೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಮನೆ ಇತ್ತು. ನಾವೆಲ್ಲ ಅದನ್ನು ಮೂಲೆಮನೆ ಅನ್ನುತ್ತಿದ್ದೆವು. ಅಲ್ಲಿನ ತಾಯಿ ನಮ್ಮ ಮನೆಯಲ್ಲಿ ಕೊಟ್ಟಿಗೆ ಬಾಚುವುದರಿಂದ ಹಿಡಿದು ಅಕ್ಕಿ ಕೇರುವವರೆಗೆ ಎಲ್ಲ ಮಾಡುತ್ತಿದ್ದಳು. ನಮ್ಮಜ್ಜಿಗೆ ಲಕ್ವ ಹೊಡೆದು ಮಲಗಿದಾಗ ನಾಲ್ಕು ವರ್ಷ ಎತ್ತಿ ಕೂರಿಸಿ, ತೊಳೆದು ಬಳಿದು ನೋಡಿಕೊಂಡವಳು ಅವಳೇ. ನಾವು ಮೊಮ್ಮಕ್ಕಳು ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಅಜ್ಜಿಯ ತಿಥಿಯ ದಿನ ಅಪ್ಪ ಎಲ್ಲರ ಮುಂದೆ ಅವಳಿಗೆ ಮಾತು ಕೊಟ್ಟರು: ‘ನಿನ್ನ ಮಗೀಗೆ ಒಂದು ದಾರಿ ಮಾಡ್ತೀನಿ ಕಣವ್ವ.’

ಆ ಮಗಳು ನನಗಿಂತ ಎರಡು ತಿಂಗಳು ದೊಡ್ಡವಳು. ಆದರೂ ನನ್ನನ್ನು ‘ಅಕ್ಕಾ’ ಅನ್ನುತ್ತಿದ್ದಳು, ನೀವು ತಾವು ಅನ್ನುತ್ತಿದ್ದಳು. ನಾನು ಅವಳನ್ನು ನೀನು ಅನ್ನುತ್ತಿದ್ದೆ. ಇದು ಸರಿಯೇ ಅನ್ನುವ ಪ್ರಶ್ನೆ ನಮ್ಮಿಬ್ಬರಿಗೂ ಯಾವತ್ತೂ ಬಂದಿರಲಿಲ್ಲ ಅಂದರೆ ನನ್ನ ಮಟ್ಟಿಗೆ ನಿಜ. ಅವಳ ಮಟ್ಟಿಗೆ ಗೊತ್ತಿಲ್ಲ, ನಾನು ಕೇಳಲಿಲ್ಲ.

ಇಬ್ಬರೂ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿತೆವು. ಅಲ್ಲಿ ದಿನಕ್ಕೆ ಒಂದು ಗಂಟೆ ಮಾತ್ರ ಮಷೀನು ಕೊಡುತ್ತಿದ್ದರು. ಅವಳು ಮನೆಯಲ್ಲಿ ಸೀರೆ ಡಬ್ಬದ ರಟ್ಟಿನ ಮೇಲೆ ಇದ್ದಿಲಲ್ಲಿ ಅಕ್ಷರದ ಮಣೆ ಬರೆದುಕೊಂಡು, ಒಲೆ ಮೇಲೆ ಹಿಟ್ಟು ಬೇಯುವಷ್ಟು ಹೊತ್ತೂ ಬೆರಳಾಡಿಸುತ್ತಿದ್ದಳು. ಕನ್ನಡ ಸೀನಿಯರ್ ಪರೀಕ್ಷೆಯಲ್ಲಿ ಅವಳಿಗೆ ಫಸ್ಟ್ ಕ್ಲಾಸ್ ಬಂತು. ನಾನು ಜೂನಿಯರನ್ನೇ ಎರಡನೇ ಸಲ ಕೂತು ದಾಟಿದವಳು, ಅದೂ ಬೆರಳು ನೋಡಿಕೊಂಡು ಹೊಡೆಯುತ್ತಿದ್ದೆ. ನಮ್ಮ ಮಾಸ್ಟರು ನನ್ನ ಹಾಳೆ ನೋಡಿ ‘ಕೋಳಿ ಕೆದರಿದಂಗದೆ’ ಅಂದಿದ್ದರು. ಸಿಟ್ಟು ಬಂದು ಒಂದು ವಾರ ಹೋಗಲೇ ಇಲ್ಲ.

ಆಗ ಚನ್ನರಾಯಪಟ್ಟಣದ ಆ ಸಂಸ್ಥೆಯಲ್ಲಿ ಟೈಪಿಸ್ಟ್ ಕೆಲಸ ಖಾಲಿಯಾಯಿತು. ಅಪ್ಪ ಮೂಲೆಮನೆಯವಳಿಗೆ ಅರ್ಜಿ ಹಾಕಿಸಿದರು. ನನಗೆ, ‘ನೀನೂ ಒಂದು ಹಾಕಿರವ್ವ, ಜೊತೇಲಿರ್ತದೆ’ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಇಬ್ಬರನ್ನೂ ಕರೆದುಕೊಂಡು ಹೋಗಿ ಅಧ್ಯಕ್ಷರ ಮನೆಯ ಜಗಲಿಯಲ್ಲಿ ನಿಲ್ಲಿಸಿದರು. ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಹೇಳಿಸಲು ಬಂದ ಜನ ಅಂಗಳದ ತುಂಬ ಇದ್ದರು. ನಮಗೆ ಮಾತ್ರ ಒಳಗಿಂದ ಕಾಫಿ ಬಂತು. ಎರಡೇ ಲೋಟ ಬಂತು, ಅಪ್ಪನಿಗೊಂದು, ನನಗೊಂದು.

ಅಪ್ಪ ಅವತ್ತು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮೂಲೆಮನೆಯವಳನ್ನು ಮುಂದಕ್ಕೆ ಕರೆದು, ಇವಳದು ಫಸ್ಟ್ ಕ್ಲಾಸು, ಇವಳ ತಾಯಿ ನಮ್ಮ ಮನೆಗೆ ಮಾಡಿದ್ದನ್ನು ಹೊಟ್ಟೆಯಲ್ಲಿ ಹುಟ್ಟಿದವರೂ ಮಾಡುವುದಿಲ್ಲ, ಈ ಮಗೀಗೆ ಕೆಲಸ ಮಾಡಿಕೊಡಿ ಅಂತ ಕೈ ಮುಗಿದು ಕೇಳಿದರು. ಅಧ್ಯಕ್ಷರು ನನ್ನ ಕಡೆ ನೋಡಿ, ಮಗಳದೂ ಅರ್ಜಿ ಇದೆಯಲ್ಲ ಗೌಡರೇ ಅಂದರು. ಅಪ್ಪ ನಕ್ಕರು.

‘ನನ್ ಮಗಳದು ಎಂಗೋ ಆಯ್ತದೆ ಬುಡಿ.’

‘ಗೊತ್ತಾಯ್ತು, ಗೊತ್ತಾಯ್ತು’ ಅಂದರು ಅಧ್ಯಕ್ಷರು. ಅವರೂ ನಕ್ಕರು.

ಹದಿನೈದು ದಿನಕ್ಕೆ ಅಂಚೆಯಲ್ಲಿ ಆರ್ಡರ್ ಬಂತು. ನನ್ನ ಹೆಸರಿಗೆ ಬಂತು. ಅಪ್ಪ ಅಂಗಳದಲ್ಲಿ ನಿಂತೇ ಎರಡು ಸಲ ಓದಿದರು. ‘ಅವ್ರು ತಪ್ಪು ತಿಳ್ಕಂಡವ್ರೆ ಕಣವ್ವ’ ಅಂದರು. ‘ನಾನು ಬಾಯ್ಮಾತಿಗೆ ಆ ಮಗೀಗೆ ಕೇಳ್ತಾ ಇವ್ನಿ, ಮನಸಲ್ಲಿ ನಿಂಗೇ ಕೇಳ್ತಾ ಇವ್ನಿ ಅಂದ್ಕಂಡವ್ರೆ. ನಾಳೆ ಓಗಿ ಏಳ್ತೀನಿ.’

ಈ ತಪ್ಪು ನಮ್ಮ ಜನರ ನಡುವೆ ಮಾತ್ರ ಆಗಬಹುದು. ನಮ್ಮಲ್ಲಿ ಮಾನವಂತ ಮನುಷ್ಯ ತನ್ನ ಮಕ್ಕಳಿಗೆ ಅಂತ ಬಾಯಿಬಿಟ್ಟು ಕೇಳುವುದಿಲ್ಲ. ಬೇರೆ ಯಾರಿಗೋ ಕೇಳಿದಂತೆ ಕೇಳುತ್ತಾನೆ, ಎದುರಿನವನು ಅರ್ಥ ಮಾಡಿಕೊಂಡು ಮಗನಿಗೋ ಮಗಳಿಗೋ ಕೊಡಬೇಕು. ಮದುವೆ ಊಟದಲ್ಲಿ ಬೀಗರು ಎಲೆಗೆ ಕೈ ಅಡ್ಡ ಇಟ್ಟು ಸಾಕು ಸಾಕು ಅನ್ನುತ್ತಾರಲ್ಲ, ಆಗ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕದೆ ಮುಂದೆ ಹೋದವನು ಮರ್ಯಾದೆ ಗೊತ್ತಿಲ್ಲದವನು. ಅಧ್ಯಕ್ಷರಿಗೆ ಮರ್ಯಾದೆ ಗೊತ್ತಿತ್ತು. ದೊಡ್ಡ ಗೌಡರೊಬ್ಬರು ಕೆಲಸದವಳ ಮಗಳಿಗಾಗಿ ನಿಜವಾಗಿಯೇ ಕೈ ಮುಗಿಯಬಹುದು ಅನ್ನುವುದು ಅವರ ತಲೆಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ.

ಮಾರನೆಯ ದಿನ ಅಪ್ಪನಿಗೆ ನಾಟಿ ಕೆಲಸ ಬಂತು. ಅದರ ಮಾರನೆಯ ದಿನ ಊರಲ್ಲಿ ಒಂದು ನ್ಯಾಯಪಂಚಾಯ್ತಿ. ಆಮೇಲೆ ಶನಿವಾರ, ಒಳ್ಳೆಯ ಕೆಲಸಕ್ಕೆ ಶನಿವಾರ ಯಾರು ಹೊರಡುತ್ತಾರೆ? ಅಮ್ಮನಂತೂ ದೇವರಿಗೆ ದೀಪ ಹಚ್ಚಿ, ಪಾಯಸ ಮಾಡಿ, ‘ಬಂದ ಲಕ್ಷ್ಮೀನ ಕಾಲಲ್ಲಿ ಒದೀತಾರಾ?’ ಅಂತ ಕೇಳಿಯೂ ಆಗಿತ್ತು. ನಾನು ಒಂದು ಸಲ ಕೇಳಿದೆ, ಅಪ್ಪಾ, ಹೋಗಿ ಬಂದ್ರಾ ಅಂತ. ‘ಓಗ್ತೀನಿ’ ಅಂದರು. ಎರಡನೇ ಸಲ ಕೇಳಲಿಲ್ಲ. ನಾನು ಬಾಯಿಬಡುಕಿ ಅಂತ ಊರಿಗೆಲ್ಲ ಹೆಸರಾದವಳು, ಬಸ್ಸಿನ ಕಿಟಕಿ ಸೀಟಿಗೆ ಕಂಡಕ್ಟರ್ ಜೊತೆ ಜಗಳ ಕಾಯುವವಳು. ಆ ಒಂದು ವಾರ ನನ್ನ ಬಾಯಿಗೆ ಯಾರು ಬೀಗ ಹಾಕಿದ್ದರು? ನಾನೇ ಹಾಕಿಕೊಂಡಿದ್ದೆ. ಕೆಲಸ ನನಗೆ ಬೇಕಾಗಿತ್ತು.

ಅಪ್ಪ ಮೂಲೆಮನೆಯ ತಾಯಿ ಮಗಳನ್ನು ಕರೆಸಿ, ಹೇಳಿದೆ ಕಣವ್ವ, ಕೈ ಮುಗಿದು ಹೇಳಿದೆ, ಅವರು ಕೇಳಲಿಲ್ಲ ಅಂದರು. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಷ್ಟು ಹೇಳಿದಿರಲ್ಲ ಗೌಡರೇ, ಸಾಕು ಅಂದಳು. ಮಗಳು ಮಾರನೆಯ ದಿನ ನನ್ನ ಜೊತೆ ಹೊಳೆನರಸೀಪುರದ ಬಸ್ಸು ಹತ್ತಿದಳು. ಯಾಕೆ ಅಂತೀರಿ? ನನಗೆ ಕಲಿಸುವುದಕ್ಕೆ. ನಾನು ಹೊಸ ಕೆಲಸದಲ್ಲಿ ಎಲ್ಲರ ಮುಂದೆ ನಗೆಪಾಟಲಾಗಬಾರದು ಅಂತ. ಒಂದು ವಾರ ಪೂರ್ತಿ ನನ್ನ ಕುರ್ಚಿಯ ಹಿಂದೆ ನಿಂತು ಹೇಳಿಕೊಟ್ಟಳು. ಕಾರ್ಬನ್ ಹಾಳೆ ಸುಕ್ಕಾಗದಂತೆ ಸೇರಿಸುವುದು, ಸ್ಟೆನ್ಸಿಲ್ ಹರಿಯದಂತೆ ಹೊಡೆಯುವುದು, ಎಲ್ಲ. ನಾನು ಬೆರಳಿನ ಕಡೆ ನೋಡಿದರೆ ಹಿಂದಿನಿಂದ ಮೆಲ್ಲಗೆ, ‘ಕೆಳೀಕ್ ನೋಡ್ಬ್ಯಾಡಿ ಅಕ್ಕಾ, ಕಣ್ಣು ಆಳೆ ಮ್ಯಾಲಿರ್ಲಿ’ ಅನ್ನುತ್ತಿದ್ದಳು.

ಆ ಕುರ್ಚಿಯ ಹಿಂದಿನಿಂದ ಅವಳು ಹೋಗಲೇ ಇಲ್ಲ. ಇದನ್ನು ನೀವು ನಂಬಬೇಕಾಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಮಷೀನಿನ ಮುಂದೆ ಕೂತಾಗ ನನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿತು. ತಿರುಗಿ ನೋಡಿದೆ, ಬೀರು ಇತ್ತು. ಮೊದಮೊದಲು ಹೊಸತನ ಅಂದುಕೊಂಡೆ. ವರ್ಷ ಕಳೆದರೂ ಹೋಗಲಿಲ್ಲ. ಜೊತೆಯವರು ಯಾಕೆ ಮೇಡಂ ಹಿಂದೆ ನೋಡ್ತೀರಿ ಅಂದರೆ, ಗಾಳಿ ಬರುತ್ತೆ ಕಣ್ರೀ ಅಂತ ರೇಗುತ್ತಿದ್ದೆ. ಕೊನೆಗೆ ಮೇಜು ತಿರುಗಿಸಿ, ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಸಿಕೊಂಡೆ. ಒಂದು ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಆಗಲೂ ಇದ್ದಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಆಗಲೂ ಇದ್ದಳು. ಬಹಳ ಬೇಗ ನಾನು ಕೆಳಗೆ ನೋಡದೆ ಹೊಡೆಯುವುದನ್ನು ಕಲಿತೆ. ಶ್ರದ್ಧೆಯಿಂದ ಅಲ್ಲ, ಹೆದರಿಕೆಯಿಂದ.

ಆ ಕೆಲಸದಿಂದ ಹಾಸನದಲ್ಲಿ ಮನೆ ಆಯಿತು, ಸಂಬಳದವಳು ಅಂತ ಒಳ್ಳೆಯ ಕಡೆ ಸಂಬಂಧ ಕೂಡಿಬಂತು, ಒಬ್ಬಳೇ ಮಗಳು ಒಳ್ಳೆಯ ಶಾಲೆಯಲ್ಲಿ ಓದಿ ಎಂ.ಕಾಂ. ಮುಗಿಸಿದಳು. ನಮ್ಮ ಯಜಮಾನರು ಇದನ್ನೆಲ್ಲ ನಮ್ಮ ಪುಣ್ಯ ಅನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ, ಆದರೆ ಅವರಿಗೆ ಏನಂತ ಹೇಳುವುದು? ಮೂಲೆಮನೆಯವಳನ್ನು ಮಲ್ಲಿಪಟ್ಟಣದ ಹತ್ತಿರ ಕೊಟ್ಟರು. ಗಂಡನಿಗೆ ಸ್ವಲ್ಪ ಜಮೀನಿತ್ತು, ಉಳಿದಂತೆ ಇಬ್ಬರೂ ಹೊಗೆಸೊಪ್ಪಿನವರ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು.

ಒಂದು ಸಲ ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ನಾನು ನೆಂಟರ ಮನೆ ಗೃಹಪ್ರವೇಶ ಮುಗಿಸಿಕೊಂಡು ರೇಷ್ಮೆ ಸೀರೆಯಲ್ಲಿ ನಿಂತಿದ್ದೆ. ‘ಅಕ್ಕಾ’ ಅಂದದ್ದು ಬೆನ್ನ ಹಿಂದಿನಿಂದ. ತಿರುಗಿದರೆ ನಿಜವಾಗಿಯೂ ಅವಳೇ, ಕಂಕುಳಲ್ಲಿ ಕೂಸು. ನನ್ನ ಕೈ ಹಿಡಿಯಲು ಬಂದವಳು ಅರ್ಧಕ್ಕೇ ಕೈ ಹಿಂದಕ್ಕೆ ತೆಗೆದುಕೊಂಡಳು. ಹೊಗೆಸೊಪ್ಪಿನ ಎಲೆ ಕಡ್ಡಿಗೆ ಕಟ್ಟುವ ಕಾಲ, ಬೆರಳಿಗೆಲ್ಲ ಅದರ ಅಂಟು ಹಿಡಿದು ಕಪ್ಪಾಗಿತ್ತು, ಸೋಪು ಹಾಕಿದರೂ ಹೋಗಲ್ಲ ಅಂದಳು. ಈಗಲಾದರೂ ಕೆಳಗೆ ನೋಡದೆ ಹೊಡೆಯುತ್ತೀರಾ ಅಕ್ಕಾ ಅಂತ ಛೇಡಿಸಿದಳು. ಗೌಡರು ಹೇಗಿದ್ದಾರೆ ಅಂತ ಎರಡು ಸಲ ಕೇಳಿದಳು. ಅವತ್ತು ಹೇಳಿಬಿಡೋಣ ಅನ್ನಿಸಿತು, ನಿನಗೆ ಬರಬೇಕಾದ್ದು ತಪ್ಪಾಗಿ ನನಗೆ ಬಂತು, ಅಪ್ಪ ಒಂದು ಮಾತು ಆಡಿದ್ದರೆ ಸರಿಹೋಗುತ್ತಿತ್ತು, ಆಡಲಿಲ್ಲ ಅಂತ. ಹಾಸನದ ಬಸ್ಸು ಬಂತು. ನಾನು ಹತ್ತಿದೆ.

ಅಪ್ಪ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಅವರ ಕಾಲು ಒತ್ತುತ್ತಾ ಕೇಳಿದೆ, ಅವತ್ತು ಅವರು ತಪ್ಪು ತಿಳಿದುಕೊಂಡರು, ಅಲ್ಲವಾ ಅಪ್ಪಾ ಅಂತ. ಯಾವತ್ತು, ಯಾರು ಅಂತ ಅವರು ಕೇಳಲಿಲ್ಲ. ಮಾಡಿನ ಕಡೆ ನೋಡುತ್ತಾ ‘ಊಂ, ತಿಳ್ಕಂಡ್ರು’ ಅಂದರು. ಅವರು ತೀರಿಕೊಂಡಾಗ ಮೂಲೆಮನೆಯವಳು ಮಲ್ಲಿಪಟ್ಟಣದಿಂದ ಬಂದು ಹೆತ್ತ ಮಗಳಿಗಿಂತ ಹೆಚ್ಚು ಅತ್ತಳು. ಯಾರಮ್ಮಾ ಇವಳು ಅಂತ ನೆಂಟರು ನನ್ನನ್ನು ಕೇಳಿದರು. ನಮ್ಮೂರವಳು ಅಂದೆ.

ಹೋದ ವರ್ಷ ಅವಳು ಹಾಸನದ ನಮ್ಮ ಮನೆ ಹುಡುಕಿಕೊಂಡು ಬಂದಳು. ಒಂದು ಚೀಲ ಶುಂಠಿ ಹೊತ್ತು ತಂದಿದ್ದಳು. ಸೋಫಾದ ತುದಿಯಲ್ಲಿ ಕೂತು ವಿಷಯ ಹೇಳಿದಳು. ಕಂಕುಳಲ್ಲಿದ್ದ ಆ ಕೂಸು ಈಗ ಬಿ.ಕಾಂ. ಮಾಡಿ, ಕಂಪ್ಯೂಟರ್ ಕಲಿತು ಮನೆಯಲ್ಲಿದೆ. ನಮ್ಮ ಸಂಸ್ಥೆಯ ಆಫೀಸಿನಲ್ಲಿ ಒಂದು ಜಾಗ ಇದೆಯಂತೆ, ಮೊದಲು ಗುತ್ತಿಗೆ, ಆಮೇಲೆ ಖಾಯಂ. ಅರ್ಜಿ ಹಾಕಿದ್ದಾಳೆ. ‘ನಂಗೆ ಗೌಡ್ರು ಏಳುದ್ರು ಅಕ್ಕಾ’ ಅಂದಳು. ‘ನನ್ ಮಗೀಗೆ ನೀವೊಂದು ಮಾತು ಏಳಿ.’

ಆ ಜಾಗ ನನ್ನದೇ. ನಾನು ನಿವೃತ್ತಿಯಾಗುವುದಕ್ಕೆ ನಾಲ್ಕು ತಿಂಗಳಿತ್ತು. ಅವಳು ಅಷ್ಟು ಹೇಳಿದಾಗ ನನಗಾದ ಸಂತೋಷ ನನ್ನ ಮದುವೆ ದಿನವೂ ಆಗಿರಲಿಲ್ಲ. ದೇವರು ಇದ್ದಾನಪ್ಪಾ ಅನ್ನಿಸಿತು. ಅವಳ ಕುರ್ಚಿಯನ್ನು ಅವಳ ಮಗಳಿಗೆ ಕೊಟ್ಟು ಎದ್ದು ಬರಬಹುದಲ್ಲ! ಹೇಳುತ್ತೇನೆ, ಖಂಡಿತ ಹೇಳುತ್ತೇನೆ ಅಂತ ಅವಳ ಎರಡೂ ಕೈ ಹಿಡಿದುಕೊಂಡೆ. ಬಸ್‌ಸ್ಟ್ಯಾಂಡಿನವರೆಗೆ ಆಟೋದಲ್ಲಿ ಹೋಗಿ ಬಿಟ್ಟು ಬಂದೆ. ಮನೆಗೆ ಬಂದವಳೇ ನನ್ನ ಮಗಳಿಗೆ, ನೀನೂ ಒಂದು ಅರ್ಜಿ ಹಾಕಿರು ಅಂದೆ.

ಯಾಕೆ ಅಂದೆ? ಸುಮ್ಮನೆ ಇರಲಿ ಅಂತ. ಮನೆಯಲ್ಲಿ ಎರಡು ವರ್ಷದಿಂದ ಪರೀಕ್ಷೆಗೆ ಓದುತ್ತಾ ಕೂತಿದ್ದಾಳೆ, ಇಂಟರ್‌ವ್ಯೂ ಅಭ್ಯಾಸವಾದರೂ ಆಗುತ್ತೆ ಅಂತ. ಹೀಗೆಲ್ಲ ಅವತ್ತು ನನಗೆ ನಾನೇ ಹೇಳಿಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

ಈಗಿನ ಅಧ್ಯಕ್ಷರು ಹಳೆಯ ಅಧ್ಯಕ್ಷರ ಮಗ. ಅದೂ ಹೇಗೋ ಆಗಿದ್ದೇ. ಇಂಟರ್‌ವ್ಯೂ ಮುಗಿದು ನನ್ನ ನಿವೃತ್ತಿಗೆ ಒಂದು ವಾರವಿರುವಾಗ ನಾನು ಅವರ ಕೋಣೆಗೆ ಹೋಗಿ ಕೂತು, ಅವಳ ಮಗಳ ಬಗ್ಗೆ ನಿಜವಾಗಿಯೂ ಚೆನ್ನಾಗಿ ಹೇಳಿದೆ. ಇಂಟರ್‌ವ್ಯೂನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದಾಳೆ, ಬಡವರ ಮನೆ ಹುಡುಗಿ, ಇವಳ ತಾಯಿಯ ಋಣ ನಮ್ಮ ಮನೆ ಮೇಲಿದೆ, ಈ ಮಗುವಿಗೆ ಮಾಡಿಕೊಡಿ ಸಾರ್ ಅಂದೆ. ಅವರು ಪಟ್ಟಿ ನೋಡಿ, ನಿಮ್ಮ ಮಗಳೂ ಇದ್ದಾಳಲ್ಲ ಮೇಡಂ ಅಂದರು.

‘ನನ್ನ ಮಗಳದು ಹೆಂಗೋ ಆಗುತ್ತೆ ಬಿಡಿ ಸಾರ್’ ಅಂದೆ.

ಆ ಮಾತು ನನ್ನ ಬಾಯಿಂದ ಬಂದ ಮೇಲೆ ನನ್ನ ಕಿವಿಗೆ ಬಿತ್ತು. ಆ ನಗು ಕೂಡ ನನ್ನ ಮುಖದ ಮೇಲೆ ಇತ್ತು. ಅಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು, ಅವರು ನನ್ನ ಬಾಯಲ್ಲಿ ಕೂತು ಮಾತಾಡಿದಂತಾಯಿತು. ಅಧ್ಯಕ್ಷರು ನಕ್ಕು, ‘ಅರ್ಥ ಆಯ್ತು ಬಿಡಿ ಮೇಡಂ’ ಅಂದರು. ಏನು ಅರ್ಥವಾಯಿತು ಅಂತ ನನಗೂ ಅರ್ಥವಾಗಿತ್ತು. ಇಲ್ಲ ಸಾರ್, ಹಾಗಲ್ಲ ಅನ್ನಲು ಒಂದು ಉಸಿರು ಸಾಕಾಗಿತ್ತು. ನಾನು ನಮಸ್ಕಾರ ಮಾಡಿ ಎದ್ದು ಬಂದೆ.

ಆರ್ಡರ್ ಮೂರೇ ದಿನಕ್ಕೆ ಮಗಳ ಮೊಬೈಲಿಗೆ ಬಂತು. ಯಜಮಾನರು ಅಂಗಡಿಗೆ ಓಡಿಹೋಗಿ ಮೈಸೂರ್‌ಪಾಕ್ ತಂದರು. ನಾನು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ನಿಂತೆ. ಅಪ್ಪನ ಹಾಗೆ ನಾನು ಮಾಡಬಾರದು, ನಾಳೆ ಅಂದರೆ ನಾಳೆಯೇ ಹೋಗಬೇಕು ಅಂತ ನಿಶ್ಚಯ ಮಾಡಿದೆ. ಹೋದೆ ಕೂಡ. ಬೆಳಿಗ್ಗೆ ಮೊದಲ ಬಸ್ಸಿಗೇ ಚನ್ನರಾಯಪಟ್ಟಣಕ್ಕೆ ಹೋಗಿ, ಅಧ್ಯಕ್ಷರು ಬರುವುದಕ್ಕೆ ಮುಂಚೆ ಅವರ ಬಾಗಿಲಲ್ಲಿ ನಿಂತಿದ್ದೆ. ಸಾರ್, ನೀವು ತಪ್ಪು ತಿಳಿದುಕೊಂಡಿದ್ದೀರಿ, ನಾನು ಕೇಳಿದ್ದು ಆ ಹುಡುಗಿಗೇ, ನನ್ನ ಮಗಳಿಗೆ ಬೇಡ ಅಂದೆ. ಅವರು ಅಯ್ಯೋ ಕೂತ್ಕೊಳ್ಳಿ ಮೇಡಂ ಅಂದರು. ಗಟ್ಟಿಯಾಗಿ ಹೇಳಿದೆ. ನಿಮ್ಮದು ದೊಡ್ಡ ಮನಸ್ಸು ಅಂದರು. ಮೇಜು ಕುಟ್ಟಿ ಹೇಳಿದೆ. ಇಷ್ಟು ವರ್ಷ ದುಡಿದಿದ್ದೀರಿ, ಸಂಸ್ಥೆ ನಿಮಗೆ ಅಷ್ಟೂ ಮಾಡದಿದ್ದರೆ ಹೇಗೆ ಅಂದರು. ನಾನು ಬೇಡ ಅಂದಷ್ಟೂ ಅವರ ಕಣ್ಣಲ್ಲಿ ನನ್ನ ಮರ್ಯಾದೆ ಏರುತ್ತಾ ಹೋಯಿತು.

ಆಮೇಲೆ ಅವರು ನಗುತ್ತಾ ಹೇಳಿದರು. ‘ನಿಮ್ಮ ತಂದೆಯವರೂ ಹಿಂಗೇ ಅಂತಲ್ಲ ಮೇಡಂ. ಯಾರೋ ಆಳಿನ ಮಗಳನ್ನ ಕರ್ಕೊಂಡು ಬಂದು, ಇವಳಿಗೆ ಕೊಡಿ ಅಂದಿದ್ರಂತೆ. ನಮ್ಮಪ್ಪ ಊಟಕ್ಕೆ ಕೂತಾಗೆಲ್ಲ ಹೇಳೋರು, ಮಗಳಿಗೆ ಕೆಲಸ ಕೇಳೋದನ್ನ ಆ ಗೌಡರನ್ನ ನೋಡಿ ಕಲೀಬೇಕು ಅಂತ.’

ಮೂವತ್ತಾರು ವರ್ಷ ನಾನು ಅದನ್ನು ತಪ್ಪು ತಿಳಿವಳಿಕೆ ಅಂತ ನಂಬಿಕೊಂಡು ಬಂದಿದ್ದೆ. ತಪ್ಪು ತಿಳಿವಳಿಕೆ ಎಲ್ಲಿತ್ತು? ಅಧ್ಯಕ್ಷರಿಗೆ ಇರಲಿಲ್ಲ. ನನಗೂ ಅದು ಈಗ ಇರಲಿಲ್ಲ, ಹಾಗೆ ಕೇಳಿದರೆ ಏನಾಗುತ್ತದೆ ಅಂತ ಗೊತ್ತಿದ್ದೇ ನಾನು ಕೇಳಿದ್ದೆ. ಹಾಗಾದರೆ ಅಪ್ಪನಿಗೂ ಗೊತ್ತಿತ್ತು. ಮೂಲೆಮನೆಯವಳನ್ನು ಮುಂದೆ ನಿಲ್ಲಿಸಿಕೊಂಡು ಅಪ್ಪ ನನಗೇ ಕೆಲಸ ಕೇಳಿದ್ದರು. ಅವಳ ಫಸ್ಟ್ ಕ್ಲಾಸಿನ ಅಂಕಪಟ್ಟಿ, ಅವಳ ತಾಯಿಯ ನಾಲ್ಕು ವರ್ಷದ ಸೇವೆ, ಎಲ್ಲವೂ ನನಗೆ ಶಿಫಾರಸಾಗಿತ್ತು. ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಸಹ್ಯವಾಯಿತು. ಆಮೇಲೆ ಆ ಅಸಹ್ಯ ತಿರುಗಿ ನನ್ನ ಮೇಲೇ ಬಂತು.

ಉಳಿದದ್ದು ಒಂದೇ ದಾರಿ, ಮಗಳೇ ಬಿಡಬೇಕು. ಅವತ್ತು ಸಂಜೆ ಅವಳನ್ನು ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅವಳು ಮೊಬೈಲು ಪಕ್ಕಕ್ಕಿಟ್ಟು, ಮಧ್ಯೆ ಬಾಯಿ ಹಾಕದೆ ಕೇಳಿದಳು. ಅಷ್ಟು ಗಮನ ಕೊಟ್ಟು ಅವಳು ನನ್ನ ಮಾತು ಕೇಳಿದ್ದು ನೆನಪಿಲ್ಲ. ಕೊನೆಗೆ, ‘ಅಮ್ಮಾ, ನಿನಗೆ ಆವಾಗ ಗೊತ್ತಾಗಿತ್ತಲ್ಲ? ನೀನು ಬಿಟ್ಯಾ?’ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಸೋಮವಾರ ಕೆಲಸಕ್ಕೆ ಸೇರಿದಳು.

ಮುಂದಿನ ಭಾನುವಾರ ನಾನು ಮಲ್ಲಿಪಟ್ಟಣಕ್ಕೆ ಹೊರಟೆ. ಕೆಲಸ ಕೊಡಿಸಲು ಆಗಲಿಲ್ಲ, ನಿಜವನ್ನಾದರೂ ಕೊಡೋಣ ಅಂತ. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ಕಿಟಕಿ ಪಕ್ಕ ಕೂತು, ಹೇಗೆ ಶುರು ಮಾಡುವುದು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅವಳು ಬೈಯಲಿ, ಮಣ್ಣು ತೂರಲಿ, ಅದಕ್ಕೆಲ್ಲ ತಯಾರಾಗಿದ್ದೆ. ನಿಜ ಹೇಳಿದರೆ, ಬೈಯಲಿ ಅಂತಲೇ ಹೋಗಿದ್ದೆ.

ಕೆಲಸ ಯಾರಿಗಾಯಿತು ಅಂತ ಅವಳಿಗೆ ಆಗಲೇ ಗೊತ್ತಿತ್ತು. ಮುಖದಲ್ಲಿ ಏನೂ ಇರಲಿಲ್ಲ. ಚಾಪೆ ಹಾಸಿ, ಇಷ್ಟು ದೂರ ಬಿಸಿಲಲ್ಲಿ ಬಂದಿರಲ್ಲ ಅಂತ ಬೈದಳು, ಮಗಳನ್ನು ಕಾಫಿ ಮಾಡಲು ಒಳಗೆ ಕಳಿಸಿದಳು. ಆಗದಿದ್ದರೆ ಏನಂತೆ, ನೀವು ಹೇಳಿದಿರಲ್ಲ ಅಂದಳು. ಮದುವೆಯಾದ ಹೊಸದರಲ್ಲಿ ಗಂಡನ ಮನೆಯವರು ಗತಿಯಿಲ್ಲದವಳು ಅಂತ ಹಂಗಿಸಿದಾಗ, ನಮ್ಮೂರ ಗೌಡರು ನನಗೋಸ್ಕರ ಚನ್ನರಾಯಪಟ್ಟಣದವರೆಗೂ ಹೋಗಿ ಕೈ ಮುಗಿದಿದ್ದರು ಅಂತ ಅವಳು ತಿರುಗಿ ಹೇಳುತ್ತಿದ್ದಳಂತೆ. ಅದನ್ನು ಕೇಳಿ ಅತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳಂತೆ. ಅದನ್ನು ಹೇಳುವಾಗ ಅವಳ ಬೆನ್ನು ನೆಟ್ಟಗಾಯಿತು. ಮಗಳಿಗೂ ಚಿಕ್ಕಂದಿನಿಂದ ಅದನ್ನೇ ಹೇಳಿ ಓದಿಸಿದೆ ಅಂದಳು.

ಆಗಲೇ ನಾನು ಎದ್ದು ಬಂದುಬಿಡಬೇಕಾಗಿತ್ತು.

ಹೇಳಿದೆ. ಅಪ್ಪ ಅವತ್ತು ಕೇಳಿದ್ದು ನಿನಗಲ್ಲ, ನನಗೆ. ನಿನ್ನನ್ನು ಮುಂದಿಟ್ಟುಕೊಂಡು ನನಗೆ. ಮೊನ್ನೆ ನಾನೂ ಹಾಗೇ ಮಾಡಿದೆ ಅಂದೆ. ಅಧ್ಯಕ್ಷರು ಅದನ್ನು ತಮಾಷೆಯಾಗಿ ಹೇಳಿದ್ದನ್ನೂ ಹೇಳಿದೆ. ಅವಳು ಕೆಳಗೆ ನೋಡುತ್ತಾ ಕೂತಿದ್ದಳು. ಒಳಗೆ ಹಾಲು ಕಾಯುವ ವಾಸನೆ ಬರುತ್ತಿತ್ತು. ಆಮೇಲೆ ಮಾತಾಡಿದಾಗ ದನಿ ತಗ್ಗಿತ್ತು, ಒಳಗಿರುವ ಮಗಳಿಗೆ ಕೇಳಿಸದಂತೆ.

‘ಕೆಲ್ಸ ಓದ್ರೆ ಓಯ್ತು ಅಕ್ಕಾ. ನಂಗೋಸ್ಕರ ಒಬ್ರು ಬಾಯಿ ಬುಟ್ಟಿದ್ರು ಅಂತ ಒಂದಿತ್ತು ನಂಗೆ. ಅದೊಂದೇ ಇದ್ದಿದ್ದು. ಈಗ ಅದ್ನೂ ತಕ್ಕಂಡ್ರಲ್ಲ.’

ನಾನು ಕೊಡುವುದಕ್ಕೆ ಅಂತ ಬಂದಿದ್ದೆ.

‘ನಮ್ಮುಡ್ಗಿಗೆ ಏಳ್ಬ್ಯಾಡಿ’ ಅಂದಳು. ‘ನೀವು ಅವಳಿಗೆ ಅಂತ ಕೇಳಿದ್ರಿ ಅಂದ್ಕಂಡವ್ಳೆ. ಅಂಗೇ ಇರ್ಲಿ.’

ಅಷ್ಟರಲ್ಲಿ ಹುಡುಗಿ ಕಾಫಿ ತಂದಳು. ಮೂರು ಲೋಟ ತಂದಿದ್ದಳು. ತಾಯಿಯ ಮೂಗು, ತಾಯಿಯದೇ ಉದ್ದ ಬೆರಳು. ಇಂಟರ್‌ವ್ಯೂ ದಿನ ಆಫೀಸಿನಲ್ಲಿ ನೋಡಿದಾಗ ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ನೋಡಲು ಧೈರ್ಯ ಬಂದಿರಲಿಲ್ಲ. ನನ್ನ ಎದುರಿಗೆ ನಿಂತು, ‘ನೀವು ನನಗೋಸ್ಕರ ಅಧ್ಯಕ್ಷರ ಹತ್ರ ಕೇಳಿದ್ರಂತೆ ಆಂಟಿ. ನಮ್ಮಮ್ಮ ಹೇಳಿದ್ರು’ ಅಂದಳು. ಅವಳ ಮುಖ ಅರಳಿತ್ತು. ಅವಳ ತಾಯಿ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು.

‘ಹೂಂ ಕಣವ್ವ’ ಅಂದೆ, ‘ನಿನಗೋಸ್ಕರವೇ ಕೇಳಿದೆ.’